ಸೇಂದಿ ವಾಸನೆಯ ಖರ್ಜೂರದ ಮರ

ಈಚಲು ಮರದ ಹತ್ತಿರ ಹುಳಿ ವಾಸನೆ ಬಂದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೆ ಹಳ್ಳ ಕಂಡಲ್ಲೆಲ್ಲ ಈಚಲು. ಅದರ ಗರಿ ಚಾಪೆಗೆ, ಪೊರಕೆಗೆ, ಬುಟ್ಟಿಗೆ. ಹಣ್ಣು ಮಕ್ಕಳಿಗೂ ಗುಡ್ಡದ ಕರಡಿಗೂ. ಹಿಂದೆ ಸೇಂದಿಯನ್ನೂ ಇಳಿಸುತ್ತಿದ್ದರು. ಕೆತ್ತಿದ ಜಾಗದಲ್ಲಿ ಒಸರಿದ ರಸ ಬಿಸಿಲಿಗೆ ಹುಳಿಯೇರುವ ವಾಸನೆ ಇಲ್ಲಿಯವರ ಮೂಗಿಗೆ ಹಳೆಯ ನೆಂಟ. ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ಆ ನೆಂಟಸ್ತಿಕೆಯಿಂದಲೇ ಒಬ್ಬರ ಜೀವ ಹೋಗುವುದರಲ್ಲಿತ್ತು. ನಾನು ಅಲ್ಲೇ ನಿಂತಿದ್ದೆ.

ಆಗ ನಾನು ಖರ್ಜೂರದ ಸಂಶೋಧನೆಯೊಂದರಲ್ಲಿ ಸಹಾಯಕಿ. ಖರ್ಜೂರದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಾಳಿಯನ್ನು ನಂಬಿ ಕೂತರೆ ಫಸಲು ಸಾಲದು. ಮನುಷ್ಯರೇ ಹತ್ತಿ ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೂಗೊನೆಯೊಳಗೆ ಕಟ್ಟಬೇಕು. ಇನ್ನೂ ಸೋಜಿಗವೆಂದರೆ, ಪರಾಗ ಯಾವ ಮರದ್ದು ಎಂಬುದರ ಮೇಲೆ ಅದೇ ವರ್ಷದ ಹಣ್ಣಿನ ಗಾತ್ರವೂ ಮಾಗುವ ಕಾಲವೂ ಬದಲಾಗಬಹುದು. ನಮ್ಮ ಹಳ್ಳದ ಈಚಲು ಖರ್ಜೂರದ ದಾಯಾದಿ. ಅದರ ಪರಾಗ ಕಟ್ಟಿದರೆ ಹಣ್ಣು ಮಳೆಗೆ ಮೊದಲೇ ಮಾಗೀತೇ? ಇದು ನಮ್ಮ ಪ್ರಶ್ನೆ.

ತೋಟ ಹಗರಿಬೊಮ್ಮನಹಳ್ಳಿಯ ಹತ್ತಿರದ್ದು. ಅದನ್ನು ನೋಡಿಕೊಳ್ಳುತ್ತಿದ್ದಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮರ ಹತ್ತಲು ಹೊಸಹಳ್ಳಿ ಕಡೆಯಿಂದ ಒಬ್ಬ ಹಿರಿಯರನ್ನು ಕರೆಸಿದ್ದಳು. ಪ್ರಾಯದಲ್ಲಿ ಸೇಂದಿ ಇಳಿಸಿದವರು, ಈಗ ಪೊರಕೆಗೆ ಗರಿ ಕೊಯ್ಯುತ್ತಾರೆ. ಎಲ್ಲರಿಗೂ ಅವರು ಕಾಕಾ. ಈಚಲಿನ ಗಂಡು ಹೂಗೊನೆಗಳನ್ನು ಬಟ್ಟೆಯ ಚೀಲದಲ್ಲಿ ತಂದಿದ್ದರು. ಬಾಯಿ ಬಿಚ್ಚಿದರೆ ಗಿರಣಿಯಲ್ಲಿ ಬರುವಂಥ ಹಿಟ್ಟಿನ ವಾಸನೆ.

ಅಕ್ಕ ಏಣಿ ತರಿಸಲು ಹೊರಟಳು.

"ಏಣಿ ಸುಣ್ಣ ಬಳಿಯೋರಿಗೆ ಬೇಕವ್ವಾ. ನನಗ ಹಗ್ಗ ಐತಿ" ಎಂದರು ಕಾಕಾ.

ಮರದ ಸುತ್ತ ಹಗ್ಗ ಬಳಸಿ, ಅದನ್ನೇ ಸೊಂಟಕ್ಕೆ ಬಿಗಿದು, ಹಿಂದಕ್ಕೆ ವಾಲಿ ಹತ್ತುವುದು ಅವರ ರೂಢಿ. ಎರಡು ಕೈಯೂ ಕೆಲಸಕ್ಕೆ ಬಿಡುವಾಗಿರುತ್ತವೆ.

ಮೂರನೆಯ ಮರದ ಹತ್ತಿರ ಹುಳಿ ವಾಸನೆ ಬಂತು. "ಇದು ಯಾಕೆ ಹಿಂಗ ನಾರತೈತಿ?" ಎಂದೆ.

"ಈಚಲ ಬಳಗ ಅಲ್ಲೇನ್ರಿ ಮೇಡಂ? ಸೇಂದಿ ವಾಸನಿ ಬರದ ಮಲ್ಲಿಗಿ ವಾಸನಿ ಬರತೈತೇನು?"

"ಕಾಕಾನ ಮೂಗಿಗೆ ದೇವರ ತೀರ್ಥಾನೂ ಅದೇ ವಾಸನಿ" ಎಂದಳು ಅಕ್ಕ. ಮೂವರೂ ನಕ್ಕೆವು. ಅವರು ಹತ್ತಿದರು.

ಎರಡಾಳು ಎತ್ತರದ ಮರ. ಮೇಲೆ ಅವರು ಒಂದು ಗೊನೆ ಕಟ್ಟಿ ಮುಗಿಸುವಾಗ ಕೆಳಗೆ ಹೂವಿನ ಚೀಲ ಹಿಡಿದು ನಿಂತ ನನಗೆ ಬೇರೆ ಕೆಲಸ ಇರಲಿಲ್ಲ. ಖರ್ಜೂರದ ಕಾಂಡ ಕೊರೆಯುವ ಕೆಂಪು ಮೂತಿ ಹುಳುವಿನ ಬಗ್ಗೆ ಓದಿದ್ದೆ. ಅದು ತಿನ್ನುವ ಸದ್ದನ್ನು ಹಿಡಿಯಲು ಯಂತ್ರಗಳನ್ನೇ ಮಾಡಿದ್ದಾರಂತೆ. ಬರಿ ಕಿವಿಗೆ ಕೇಳಬಹುದೇ ಎಂದು ಕುತೂಹಲಕ್ಕೆ ಕಿವಿಯಿಟ್ಟೆ. ಕೇಳಿಸಿತು. ಕತ್ತಲ ಕೊಟ್ಟಿಗೆಯಲ್ಲಿ ದನ ಒಣ ಸೊಪ್ಪೆ ಅಗಿಯುವಂಥ ಸದ್ದು, ನಿಂತು ನಿಂತು.

ಆಮೇಲೆ ಹೊಳೆಯಿತು: ಈ ಮರವನ್ನು ಯಾರೂ ಕೆತ್ತಿಯೇ ಇಲ್ಲ. ಹಾಗಾದರೆ ಸೇಂದಿ ಎಲ್ಲಿಂದ ಬಂತು?

"ಕಾಕಾ, ಇಳೀರಿ! ಮರ ಒಳಗ ಟೊಳ್ಳೈತಿ!"

"ಇನ್ನೊಂದು ಗೊನಿ ಐತ್ರಿ, ತಡೀರಿ" ಎನ್ನುತ್ತಾ ಅವರು ಪಕ್ಕಕ್ಕೆ ವಾಲಿದರು.

ಸದ್ದು ದೊಡ್ಡದೇನಲ್ಲ, ಹಸಿ ಜೋಳದ ದಂಟು ಮುರಿದಂತೆ. ನನ್ನ ತಲೆಗಿಂತ ಸ್ವಲ್ಪ ಮೇಲೆ ಕಾಂಡ ಬಾಯಿ ಬಿಟ್ಟಿತು. ಮರ ಧಡಕ್ಕನೆ ಬೀಳಲಿಲ್ಲ. ನಿಧಾನವಾಗಿ ವಾಲಿತು, ಅದಕ್ಕೆ ಕಟ್ಟಿಕೊಂಡ ಮನುಷ್ಯನನ್ನೂ ಕರೆದುಕೊಂಡು. ಇವತ್ತಿಗೂ ನನ್ನ ಕಣ್ಣ ಮುಂದೆ ಅದು ಅಷ್ಟೇ ನಿಧಾನ. ಪಕ್ಕದ ಮರದ ಗರಿಗಳಲ್ಲಿ ತಲೆ ಸಿಕ್ಕಿಕೊಂಡು ನಿಂತಿತು. ಕಾಕಾ ಹಗ್ಗದಲ್ಲಿ ಜೋತುಬಿದ್ದಿದ್ದರು. ಗರಿಯ ಬುಡದ ಮುಳ್ಳೊಂದು, ಗೋಣಿ ಹೊಲಿಯುವ ದಬ್ಬಣದಷ್ಟು ಉದ್ದದ್ದು, ಅವರ ಕಣ್ಣಿನ ಹತ್ತಿರ ಅಲುಗುತ್ತಿತ್ತು.

"ಅವ್ವಾ, ಅಲುಗಾಡಿಸಬ್ಯಾಡ್ರಿ" ಎಂದರು, ಮಲಗಿದ ಕೂಸು ಎದ್ದೀತು ಎನ್ನುವವರ ಹಾಗೆ ಮೆಲ್ಲಗೆ.

ಅಕ್ಕ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು ಟ್ರೇಲರನ್ನು ಅವರ ಕೆಳಕ್ಕೆ ತಂದು ನಿಲ್ಲಿಸಿದಳು. ತಾನೇ ಅದರ ಮೇಲೆ ಹತ್ತಿ, ಅವರ ಕಾಲನ್ನು ಹೆಗಲಿಗೆ ಆನಿಸಿಕೊಂಡು, ಕುಡುಗೋಲಿನಿಂದ ಹಗ್ಗ ಕೊಯ್ದಳು. ಇಬ್ಬರೂ ಟ್ರೇಲರಿನೊಳಗೆ ಕುಸಿದರು. ಹೂವಿನ ಚೀಲ ನನ್ನ ಕೈಯಲ್ಲೇ ಇತ್ತು. ಯಾವಾಗ ಹಿಂಡಿದೆನೋ, ಸೆರಗೆಲ್ಲ ಬಿಳಿ ಪುಡಿ.

ತೊಡೆಗೆ ಚುಚ್ಚಿದ್ದ ಮುಳ್ಳನ್ನು ತೆಗೆಸಿಕೊಳ್ಳುತ್ತಾ ಕಾಕಾ ಕೇಳಿದ ಮೊದಲ ಮಾತು: "ಕಟ್ಟಿದ ಗೊನಿ ಉಳೀತೇನ್ರಿ?"

"ನೀ ಉಳದಿದ್ದು ಸಾಲದೇನೋ ಮಾರಾಯ!" ಎಂದು ಬೈದ ಅಕ್ಕ ಅಳತೊಡಗಿದಳು.

ಮುರಿದ ಕಾಂಡವನ್ನು ಆಮೇಲೆ ಸೀಳಿ ನೋಡಿದೆವು. ಒಳಗೆಲ್ಲ ಒದ್ದೆ ಕಬ್ಬಿನ ಸಿಪ್ಪೆಯಂಥ ರಾಡಿ. ಹುಳಿ ವಾಸನೆ ಬಂದದ್ದು ಅದರಿಂದ. ಮರಿಹುಳುಗಳು ಹೆಬ್ಬೆರಳ ಗಾತ್ರ. ಅವುಗಳಿಗಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಅವುಗಳ ಗೂಡು. ಮರದ ನಾರನ್ನೇ ಸುತ್ತಿ ಸುತ್ತಿ ಹೆಣೆದ, ಹಗ್ಗದ ಉಂಡೆಯಂಥ ಗೂಡು. ಖರ್ಜೂರದ ಉಪಯೋಗಗಳ ಬಗ್ಗೆ ಎಷ್ಟೋ ಓದಿದ್ದೆ. ಈ ನೇಕಾರನ ಸುದ್ದಿ ಅಲ್ಲಿ ಬಂದಿದ್ದು ಕಡುವೈರಿಯೆಂದು ಮಾತ್ರ.

ಆದರೆ ಕೆಲಸ ಮುಗಿದಿರಲಿಲ್ಲ. ಅರಳಿದ ಹೆಣ್ಣು ಹೂವು ಹೆಚ್ಚು ದಿನ ಕಾಯುವುದಿಲ್ಲ, ಉಳಿದ ಮರಗಳು ಹಾಗೇ ನಿಂತಿದ್ದವು. ಎರಡು ದಿನ ಬಿಟ್ಟು ಕಾಕಾ ಕುಂಟುತ್ತಾ ಬಂದರು, ಹೊಸ ಹಗ್ಗ ಹೆಗಲ ಮೇಲೆ. ಉಳಿದವುಗಳಲ್ಲಿ ಮೊದಲ ಮರದ ಬುಡವನ್ನು ಮೂಸಿದರು. ಆಮೇಲೆ ಕಿವಿಯಿಟ್ಟರು.

"ನನ್ನ ಕಿವಿಗೆ ಏನೂ ಇಲ್ರಿ. ನೀವು ಕೇಳ್ರಿ."

ಕಾಂಡಕ್ಕೆ ಕಿವಿಯಿಟ್ಟೆ. ಏನೋ ಬಡಿಯುತ್ತಿತ್ತು. ಹುಳುವೋ, ನನ್ನ ಎದೆಯೋ? ಇನ್ನೊಂದು ಕಿವಿಯಿಟ್ಟೆ; ಆಗಲೂ ಅದೇ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲ ಎಂದರೆ ಹಗ್ಗ ಬಿಗಿದುಕೊಳ್ಳುತ್ತಾರೆ.

"ಗೊತ್ತಾಗವಲ್ದು ಕಾಕಾ" ಎಂದೆ.

ಅವರು ಮರದ ತುದಿ ನೋಡಿದರು. ಹಗ್ಗವನ್ನು ಹೆಗಲಿಂದ ತೆಗೆದು ಬದುವಿನ ಮೇಲಿಟ್ಟರು.

"ಅವ್ವಾ," ಎಂದು ಅಕ್ಕನನ್ನು ಕೂಗಿದರು, "ಟ್ರೇಲರ್ ತರ್ರಿ. ಹಂಗ, ಆ ಸುಣ್ಣ ಬಳಿಯೋ ಏಣೀನೂ ಅದರಾಗ ಹಾಕ್ಕೊಂಬರ್ರಿ."