ಹಲ್ಲು ಒಡೆಯುವ ಕೋಣೆ

ದಂತ ಕಾಲೇಜಿನ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹಲ್ಲು ಒಡೆಯುವುದೇ ಅವಳ ಕೆಲಸ. ಗಾಬರಿಬೀಳಬೇಡಿ, ಬಾಯಿಂದ ಕಿತ್ತು ತಂದ ಹಲ್ಲು. ನೀರು ತುಂಬಿದ ಸೀಸೆಯಿಂದ ತೆಗೆದು ಯಂತ್ರದ ಕೆಳಗಿಟ್ಟು ಒತ್ತುವುದು, ಟಪ್ ಎಂದಾಗ ಎಷ್ಟು ಕಿಲೋ ಭಾರಕ್ಕೆ ಒಡೆಯಿತೆಂದು ದಪ್ಪ ಪುಸ್ತಕದಲ್ಲಿ ಬರೆಯುವುದು. ಹಲ್ಲಿನ ತೂತು ತುಂಬುವ ಹೊಸ ಪದಾರ್ಥ ಎಷ್ಟು ಗಟ್ಟಿ ಎಂದು ಹೋಲಿಸಿ ನೋಡುವವರಿಗೆಲ್ಲ ಆ ಪುಸ್ತಕವೇ ಆಧಾರ. ಅವಳಿಗೆ ಅದರ ಬಗ್ಗೆ ಸಣ್ಣದಲ್ಲದ ಹೆಮ್ಮೆ ಇತ್ತು.

ಕಾಲೇಜಿನವರು ಅವಳನ್ನು ಪತ್ತೇದಾರಿ ಅಕ್ಕ ಎನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ. ಹಾಲಿನವನ ಎದುರಲ್ಲೇ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವವಳು. ಗಂಡ ಹತ್ತು ನಿಮಿಷ ತಡವಾಗಿ ಬಂದರೆ ಅವನ ಚಪ್ಪಲಿಯ ಅಡಿಯ ಮಣ್ಣನ್ನೂ ಬಿಡಳು.

"ಮಣ್ಣು ಏನು ಹೇಳ್ತು?" ಎಂದು ಅವನು ಕೇಳಿದರೆ, "ಅದೂ ನಿಮ್ಮ ಕಡೆಗೇ ಸೇರ್ಕೊಂಡಿದೆ" ಎನ್ನುತ್ತಿದ್ದಳು.

ಇಂಥವಳ ಕೋಣೆಗೆ ಹೊಸಬನೊಬ್ಬನನ್ನು ಹಾಕಿದರು. ವಯಸ್ಸು ಐವತ್ತರ ಹತ್ತಿರ. ಮೊದಲು ಲಾರಿ ತೂಗುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಆ ಕಂಪನಿ ಮುಚ್ಚಿಹೋಗಿತ್ತು. ಆರು ತಿಂಗಳು ನೋಡಿ ಕೆಲಸ ಖಾಯಂ ಮಾಡುತ್ತೇವೆ ಎಂದಿದ್ದರು. ಬೆಳಗ್ಗೆ ಅವಳು, ಮಧ್ಯಾಹ್ನದ ಮೇಲೆ ಅವನು. ಒಂದು ತಿಂಗಳು ಕಳೆದು ಅವನ ಪುಟಗಳನ್ನು ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಅವಳ ಕೈಯಲ್ಲಿ ಎಪ್ಪತ್ತು ಕಿಲೋ ದಾಟದ ಸಣ್ಣ ದವಡೆಹಲ್ಲು ಅವನ ಕೈಯಲ್ಲಿ ನೂರು, ನೂರಾ ಹತ್ತು. ಒಂದಲ್ಲ ಎರಡಲ್ಲ, ಎಲ್ಲವೂ ಹಾಗೇ.

"ಯಂತ್ರ ಮುಟ್ಟೋದೇ ಇಲ್ಲ ಅವನು, ಕೂತಲ್ಲೇ ಬರೀತಾನೆ" ಎಂದು ಗಂಡನ ಮುಂದೆ ಉರಿದುಬಿದ್ದಳು.

"ನೀನು ನೋಡಿದ್ಯಾ?"

"ನೋಡೋದೇನಿದೆ? ಎಷ್ಟು ವಿನಯ ಅಂತೀರಿ ಅವನದು! ಏನೂ ತಪ್ಪು ಮಾಡದೋನಿಗೆ ಅಷ್ಟು ವಿನಯ ಯಾಕೆ ಬೇಕು?"

ಮರುದಿನವೇ ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟಳು: ಹೊಸಬ ಸುಳ್ಳು ಅಂಕಿ ಬರೆಯುತ್ತಿದ್ದಾನೆ. ಅವರು ಓದಿ, "ನೀವು ಹೇಳಿದ ಮೇಲೆ ಮುಗೀತು. ಶುಕ್ರವಾರ ಅವರನ್ನ ಕಳಿಸಿಬಿಡ್ತೀನಿ" ಎಂದರು.

ಅಷ್ಟಕ್ಕೇ ಬಿಡಬಹುದಿತ್ತಲ್ಲ? ಇಲ್ಲ, ಪುಣ್ಯಾತ್ಗಿತ್ತಿ ಕೈಯಾರೆ ಹಿಡಿಯಬೇಕಿತ್ತು. ಹಲ್ಲಿನ ಸಾಲು ಸರಿಮಾಡಲೆಂದು ಒಬ್ಬಳೇ ಹುಡುಗಿಯ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ಕಿತ್ತ ಹಲ್ಲು ಬಂದಿದ್ದವು, ಥೇಟ್ ಅವಳಿಗಳು. ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಅವನ ಸೀಸೆಗೆ ಹಾಕಿದಳು. ಗುರುವಾರ ಬೆಳಗ್ಗೆ ತನ್ನದನ್ನು ಎಂದಿನಂತೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಿಸಿಲಿನಲ್ಲಿ ಎರಡು ಗಂಟೆ ಒಣಗಿಸಿ, ಶುಚಿಯಾಯಿತೆಂದ ಮೇಲೆ ಒತ್ತಿದಳು. ಅರವತ್ತೆಂಟು. ಮಧ್ಯಾಹ್ನ ಮನೆಗೆ ಹೋಗದೆ ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಇವತ್ತು ಇವನ ಬೇಳೆ ಬೇಯುವುದಿಲ್ಲ ಎಂದುಕೊಂಡಳು.

ಅವನು ಆ ಜೋಡಿಯ ಇನ್ನೊಂದು ಹಲ್ಲನ್ನು ಚಿಮಟದಿಂದ ಎತ್ತಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಯಂತ್ರದ ಕೆಳಗಿಟ್ಟ. ಮುಳ್ಳು ಎಪ್ಪತ್ತು ದಾಟಿತು. ತೊಂಬತ್ತು ದಾಟಿತು. ಟಪ್ ಎಂದದ್ದು ನೂರಾ ನಾಲ್ಕಕ್ಕೆ.

"ಒರೆಸೋಕೂ ಸೋಮಾರಿತನಾನಾ ನಿಮಗೆ?" ಅವಳಿಗೆ ಹೊಳೆದದ್ದು ಅದೊಂದೇ ಮಾತು.

"ಬಾಯಲ್ಲಿ ಹಲ್ಲು ಯಾವತ್ತು ಒಣಗಿರುತ್ತೆ ಅಕ್ಕಾ?" ಎಂದ ಅವನು ಮೆಲ್ಲಗೆ. "ಈ ಮೇಲಿನ ಬಿಳಿ ಪದರ ಗಾಜಿನ ಥರಾನೇ. ಆದ್ರೆ ಒಳಗೆ ಎಳೆಗಳು ಅಡ್ಡ ಉದ್ದ ಹಾದು ಚಾಪೆ ಹೆಣೆದ ಹಾಗಿದೆಯಂತೆ. ಬಿರುಕು ಹೊರಟ್ರೂ ದಾರಿ ತಪ್ಪಿ ಅಲ್ಲೇ ನಿಂತುಬಿಡುತ್ತೆ. ನಮ್ಮೆಲ್ಲರ ಹಲ್ಲಲ್ಲೂ ಬಿರುಕಿದೆ, ಆದ್ರೂ ಅಗೀತಾನೇ ಇದೀವಲ್ಲ. ನೀರಿನ ಪಸೆ ಹೋದ್ರೆ ಮಾತ್ರ ಕಷ್ಟ."

"ಯಾರು ಹೇಳಿದ್ರು ಇದನ್ನೆಲ್ಲ?"

"ಕೆಳಗೆ ಲೈಬ್ರರಿಯಲ್ಲಿ ಓದಿದೆ. ನಿಮ್ಮನ್ನ ಕೇಳೋಕೆ ಧೈರ್ಯ ಬರಲಿಲ್ಲ."

ಕಾಗೆ ಹಾರಿಸುತ್ತಿದ್ದಾನೆ ಎಂದುಕೊಂಡಳು. ಅವನು ಚಹಾ ಕುಡಿಯಲು ಹೋದದ್ದೇ ತಡ, ಮತ್ತೊಂದು ಹಲ್ಲನ್ನು ಒರೆಸಿ ಬಿಸಿಲಿಗಿಟ್ಟು, ಭೂತಗನ್ನಡಿ ಹಿಡಿದು ಕಣ್ಣು ಮಿಟುಕಿಸದೆ ಕೂತಳು. ಅರ್ಧ ಗಂಟೆಯಾಗಿರಬೇಕು. ಹಲ್ಲಿನ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮೂಡಿತು. ಅದರ ಪಕ್ಕ ಇನ್ನೊಂದು. ಇಷ್ಟು ವರ್ಷ ತಾನು ಒಡೆದೆ ಎಂದುಕೊಂಡ ಹಲ್ಲುಗಳು ಯಂತ್ರಕ್ಕೆ ಹೋಗುವ ಮೊದಲೇ ಬಿಸಿಲಿನಲ್ಲಿ ಬಿರುಕು ಬಿಟ್ಟಿದ್ದವು.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ನಾಳೆ ಅವನು ಹೋಗುತ್ತಾನೆ, ತನ್ನ ಪುಸ್ತಕ ಉಳಿಯುತ್ತದೆ. ಈ ಯೋಚನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಂದು ರಾತ್ರಿಯ ಊಟವನ್ನೂ ಕೆಡಿಸಿತು. ಅಂಥ ಮನಸ್ಸು ತನ್ನದೇ ಎಂದು ಅವಳಿಗೆ ನಾಚಿಕೆಯಾಯಿತು.

ಶುಕ್ರವಾರ ಬೆಳಗ್ಗೆ ದಪ್ಪ ಪುಸ್ತಕವನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

"ಅವರನ್ನ ಕಳಿಸಬೇಡಿ ಸರ್. ಅವರ ಅಂಕಿ ಸರಿಯಾಗಿದೆ. ತಪ್ಪಿರೋದು ನಂದು. ಹಲ್ಲು ಒಣಗಿಸಿ ಒಡೀತಿದ್ದೆ."

"ಇದರಲ್ಲಿ ಯಾವ್ಯಾವುದು ತಪ್ಪು?"

"ಎಲ್ಲಾನೂ."

ಅವರು ಮೊದಲ ಪುಟ ತೆರೆದರು, ಕೊನೆಯ ಪುಟ ನೋಡಿದರು. "ಹತ್ತೊಂಬತ್ತು ವರ್ಷ! ಪಕ್ಕದಲ್ಲಿ ನಿಂತು ನೋಡಿದೋರು ಒಬ್ಬರೂ ಹೇಳಲಿಲ್ವಾ?"

"ಒಬ್ಬರನ್ನೂ ಪಕ್ಕದಲ್ಲಿ ನಿಲ್ಲೋಕೆ ಬಿಟ್ಟಿರಲಿಲ್ಲ ಸರ್" ಎಂದಳು.