ಹದಿನೆಂಟನೇ ತಾರೀಕಿನ ಲಕೋಟೆ

ತೀರ್ಥರಾಮ ಗೌಡರು ಈಗ ಪ್ರತಿ ತಿಂಗಳು ತಮ್ಮ ಸಂಬಳವನ್ನು ತಮ್ಮ ಕೈಯಾರೆ ಕತ್ತರಿಸುತ್ತಾರೆ. ಸುಳ್ಯದ ಒಂದು ಸರಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸಿಬ್ಬಂದಿಯ ಸಂಬಳದ ಬಿಲ್ಲು ಮಾಡುವವರು ಅವರೇ ಆದ್ದರಿಂದ ಬೇರೆ ದಾರಿ ಇಲ್ಲ. ಯಾವ ಇಲಾಖೆ ಎಂದು ಹೇಳಿ ಅದರ ಮಾನ ಕಳೆಯುವುದು ಬೇಡ. ಕೋರ್ಟಿನ ಆದೇಶ, ಇಲಾಖೆಯ ವಸೂಲಿ. ನಿವೃತ್ತಿಗೆ ಎರಡು ವರ್ಷವಿರುವಾಗ ಒಂದು ಇನ್‌ಕ್ರಿಮೆಂಟೂ ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಊರವರು ಆಡಿಕೊಂಡರು. ಆದರೆ ಈ ಮನುಷ್ಯ ತಿಂದ ಉಪ್ಪು ಯಾವುದೆಂದು ಊರಿಗೆ ಗೊತ್ತಿಲ್ಲ.

ಲಂಚ ಮುಟ್ಟಿದವರಲ್ಲ. ಒಂದು ಕಡತವನ್ನೂ ಕಳೆದವರಲ್ಲ. ಅವರಿಗಿದ್ದ ರೋಗ ಒಂದೇ, ಎದುರು ನಿಂತವರಿಗೆ ‘ಆಗುವುದಿಲ್ಲ’ ಎನ್ನಲು ಬಾರದು. ಮೂವತ್ತೊಂದಕ್ಕೆ ಬರಬೇಕಾದ ಸಂಬಳ ಇಪ್ಪತ್ತೊಂಬತ್ತಕ್ಕೇ ಬಂದರೆ ಸಿಬ್ಬಂದಿಯೆಲ್ಲ “ತೀರ್ಥಣ್ಣ, ತೀರ್ಥಣ್ಣ” ಎಂದು ಹೊಗಳುತ್ತಿದ್ದರು. ಒಳ್ಳೆಯವನೆನಿಸಿಕೊಳ್ಳುವ ಚಟವೂ ಕುಡಿತದಂತೆಯೇ, ಹಿಡಿದರೆ ಬಿಡುವುದಿಲ್ಲ.

ಅದೇ ಕಚೇರಿಯ ಹರಿಪ್ರಸಾದ ಕೆಲವು ವರ್ಷಗಳ ಹಿಂದೆ ಜಾಲ್ಸೂರಿನ ಹತ್ತಿರ ತನ್ನ ಬೈಕನ್ನು ಒಬ್ಬ ಮೀನು ವ್ಯಾಪಾರಿಯ ಸ್ಕೂಟರಿಗೆ ಗುದ್ದಿದ್ದ. ಅವರು ಈಶ್ವರಮಂಗಲದ ಕುಂಞಿ ಮೋನು. ತೊಡೆಯ ಮೂಳೆ ಮುರಿದು ಒಳಗೆ ರಾಡು ಹಾಕಿದರು. ಮನೆ ಮನೆಗೆ ಮೀನು ಒಯ್ಯುವುದು ಅಲ್ಲಿಗೆ ನಿಂತಿತು. ಹರಿಪ್ರಸಾದನ ಬೈಕಿಗೆ ಇನ್ಶೂರೆನ್ಸ್ ಇರಲಿಲ್ಲ. ಕಟ್ಟಲು ಮರೆತುಹೋಯಿತಂತೆ! ಹಾಗಾಗಿ ಪರಿಹಾರದ ದುಡ್ಡನ್ನು ಅವನೇ ಕೊಡಬೇಕೆಂದು ಕೋರ್ಟಿನಲ್ಲಿ ತೀರ್ಪಾಯಿತು. ಅವನು ಒಂದು ಪೈಸೆ ಬಿಚ್ಚಲಿಲ್ಲ. ಕೊನೆಗೆ ಅವನ ಸಂಬಳವನ್ನೇ ಜಪ್ತಿ ಮಾಡಿ, ತಿಂಗಳಿಗೆ ಹದಿನೈದು ಸಾವಿರ ಹಿಡಿದು ಕಳಿಸಬೇಕೆಂದು ಕಚೇರಿಗೆ ಆದೇಶವಾಯಿತು.

ಕೋರ್ಟಿನ ಅಮೀನ ಆ ಲಕೋಟೆ ತಂದದ್ದು ಜನವರಿ ಹದಿನೆಂಟಕ್ಕೆ. ತೀರ್ಥರಾಮರು ಅಮೀನನ ಪುಸ್ತಕದಲ್ಲಿ ರುಜು ಹಾಕಿ, ಕೆಳಗೆ ತಾರೀಕು ಬರೆದು, ಲಕೋಟೆ ತೆಗೆದುಕೊಂಡರು. ಊರುಗೋಲು ಹಿಡಿದು ಕುಂಞಿ ಮೋನುವೂ ಜೊತೆಗೆ ಬಂದಿದ್ದರು.

“ಈ ತಿಂಗಳಿಂದಲೇ ಹಿಡೀಬಹುದಾ ತೀರ್ಥಣ್ಣ?” ಎಂದು ಕೇಳಿದರು. “ರಾಡು ತೆಗೀಲಿಕ್ಕೆ ಉಂಟು. ಒಳಗೆ ಕೀವು ಆಗ್ತಾ ಉಂಟಂತೆ. ತಡ ಮಾಡಿದ್ರೆ ಮೂಳೆಗೆ ಹೋಗ್ತದೆ ಅಂತ ಡಾಕ್ಟ್ರು ಹೇಳಿದ್ದಾರೆ. ಎರಡು ತಿಂಗಳದ್ದು ಸಿಕ್ಕಿದ್ರೆ ಸಾಕು.”

“ಬಿಲ್ಲು ಮಾಡುದು ನಾನೇ ಅಲ್ವಾ ಕಾಕ? ಈ ತಿಂಗಳೇ ಹಿಡೀತೇನೆ. ನೀವು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತುಮಾಡಿ ಬನ್ನಿ,” ಎಂದರು ತೀರ್ಥರಾಮರು. ಅದು ಬಾಯಿಮಾತಾಗಿರಲಿಲ್ಲ, ಮನಸ್ಸಿನಿಂದಲೇ ಹೇಳಿದ್ದರು.

ಅವರಿಬ್ಬರೂ ಹೊರಟ ಅರ್ಧ ಗಂಟೆಗೆ ಹರಿಪ್ರಸಾದ ಬಂದು ಮೇಜಿಗೆ ಅಂಟಿಕೊಂಡು ನಿಂತ. “ಮುಂದಿನ ವಾರ ತಂಗಿಯ ಮದುವೆ ತೀರ್ಥಣ್ಣ. ಮದುವೆ ಹಾಲ್‌ನವರಿಗೆ ಕೊಡ್ಲಿಕ್ಕೆ ಉಂಟು, ಅಡುಗೆಯವರಿಗೆ ಕೊಡ್ಲಿಕ್ಕೆ ಉಂಟು. ಇದೊಂದು ತಿಂಗಳು ಬಿಡಿ ಮಾರಾಯ್ರೆ. ಮುಂದಿನ ತಿಂಗಳಿಂದ ಎಷ್ಟು ಬೇಕಾದ್ರೂ ಹಿಡೀರಿ, ನಾನು ಮಾತಾಡುದಿಲ್ಲ.” ಕಣ್ಣಲ್ಲಿ ನೀರನ್ನೂ ತಂದುಕೊಂಡ.

ತೀರ್ಥರಾಮರು ಲಕೋಟೆಯನ್ನು ಡ್ರಾವರಿನೊಳಗಿಟ್ಟರು. ಆವಕ ಪುಸ್ತಕದಲ್ಲಿ ಬರೆದು ಸೀಲು ಒತ್ತುವವರೆಗೆ ಯಾವ ಕಾಗದವೂ ಕಚೇರಿಗೆ ಬಂದ ಹಾಗಲ್ಲ. ಫೆಬ್ರವರಿ ಎರಡಕ್ಕೆ ಬಂತೆಂದು ಬರೆದರಾಯಿತು. ಒಂದು ತಿಂಗಳಲ್ಲಿ ಯಾರ ಗಂಟು ಹೋಗುತ್ತದೆ ಎಂದುಕೊಂಡರು.

ಮದುವೆಯ ಊಟ ಭರ್ಜರಿಯಾಗಿತ್ತು. ತೀರ್ಥರಾಮರೂ ಹೋಗಿ ಉಂಡು ಬಂದರು. ಜನವರಿ ಮುಗಿಯುವ ಮೊದಲೇ ಹರಿಪ್ರಸಾದನಿಗೆ ಘಟ್ಟದ ಮೇಲಿನ ಜಿಲ್ಲೆಗೆ ವರ್ಗವಾಯಿತು. ಅದಕ್ಕಾಗಿ ಅವನು ಮೂರು ತಿಂಗಳಿಂದ ಓಡಾಡುತ್ತಿದ್ದನೆಂದು ಆಮೇಲೆ ಗೊತ್ತಾಯಿತು. ಪೂರ್ತಿ ಸಂಬಳ ಎಣಿಸಿಕೊಂಡು ಹೋದ, ಖದೀಮ.

ಇನ್ನು ಲಕೋಟೆ ಹೊರತೆಗೆದು ನಿಜ ಹೇಳಿದರೆ ಸಾಹೇಬರ ಮುಂದೆ ತಲೆ ತಗ್ಗಿಸಬೇಕು. ತೀರ್ಥರಾಮರಿಗೆ ಧೈರ್ಯ ಸಾಲಲಿಲ್ಲ. ಫೆಬ್ರವರಿ ಎರಡರ ಸೀಲು ಒತ್ತಿ, ‘ಸದರಿ ನೌಕರರು ಈ ಕಚೇರಿಯಲ್ಲಿ ಇರುವುದಿಲ್ಲ’ ಎಂದು ಹಿಂಬರಹ ಬರೆದು ಕೋರ್ಟಿಗೆ ವಾಪಸು ಕಳಿಸಿದರು. ಆ ಹಿಂಬರಹದಲ್ಲಿ ಕಾನೂನಿನ ಪ್ರಕಾರ ಒಂದಕ್ಷರವೂ ತಪ್ಪಿರಲಿಲ್ಲ.

ಹೊಸ ಕಚೇರಿಯ ಹೆಸರಿಗೆ ಮತ್ತೆ ಅರ್ಜಿ, ಮತ್ತೆ ವಾಯಿದೆ, ಮತ್ತೆ ಆದೇಶ. ಮೊದಲ ಕಂತು ಬರುವಾಗ ಮಳೆಗಾಲ ಹಿಡಿದಿತ್ತು. ಅಷ್ಟರಲ್ಲಿ ಕೀವು ಮೂಳೆಗೆ ಇಳಿದಿತ್ತು. ಕುಂಞಿ ಮೋನುವಿನ ಮಗಳು ಸಫಿಯಾ ತನ್ನ ಬಳೆ ಅಡವಿಟ್ಟು ಆಪರೇಷನ್ ಮಾಡಿಸಿದಳು. ರಾಡಿನ ಜೊತೆಗೆ ಮೂಳೆಯನ್ನೂ ಕೊರೆದು ತೆಗೆಯಬೇಕಾಯಿತು. ಕಾಲು ಎರಡು ಇಂಚು ಗಿಡ್ಡವಾಯಿತು. ಇನ್ನು ಸ್ಕೂಟರು ಹತ್ತುವ ಮಾತಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಕುಂಞಿ ಮೋನು ಕಚೇರಿಗೆ ಬಂದರು. ತೀರ್ಥರಾಮರ ಎದುರಿನ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಂಡರು.

“ನಮ್ಮ ವಕೀಲ್ರು ಎಂತೆಂತದೋ ಹೇಳ್ತಾರೆ ತೀರ್ಥಣ್ಣ. ನೀವು ರುಜು ಹಾಕುವಾಗ ನಾನೂ ಇದ್ದೆ, ಅಮೀನನ ಪುಸ್ತಕದಲ್ಲಿ ತಾರೀಕು ಹದಿನೆಂಟೇ ಉಂಟಂತೆ. ಕಚೇರಿಯ ಸೀಲು ಮಾತ್ರ ಫೆಬ್ರವರಿ ಎರಡಂತೆ. ನಾನು ಅವರತ್ರ ಜಗಳವೇ ಮಾಡಿದೆ. ನೀವು ಬೇಕೂಂತ ಕಾಗದ ಬಚ್ಚಿಡುವ ಜನ ಅಲ್ಲ, ಸೀಲು ಒತ್ಲಿಕ್ಕೆ ಮರೆತಿರ್ಬೇಕು ಅಂದೆ. ನೀವೊಂದು ಮಾತು ಹೇಳಿಬಿಡಿ. ಹಾಗೆಂತ ಇಲ್ಲ ಅಂದ್ರೆ, ನಿಮ್ಮ ಮೇಲೆ ಅರ್ಜಿ ಹಾಕುದು ಬೇಡ ಅಂತ ನಾನೇ ಹೇಳಿ ಬರ್ತೇನೆ.”

ಇಪ್ಪತ್ತಾರು ವರ್ಷದ ಅಭ್ಯಾಸ, ರುಜು ಹಾಕಿದರೆ ಕೈ ತಾನಾಗಿ ಆ ದಿನದ ತಾರೀಕನ್ನೂ ಬರೆಯುತ್ತದೆ. ಲಕೋಟೆ ಬಚ್ಚಿಡುವಾಗ ತೀರ್ಥರಾಮರಿಗೆ ಅದು ನೆನಪೇ ಆಗಿರಲಿಲ್ಲ. ಈಗ ಒಂದು ಸುಳ್ಳು ಹೇಳಿದರೆ ಪೆನ್ಶನ್ನು ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಎದುರಿಗಿದ್ದ ಮುದುಕರು ಆ ಸುಳ್ಳನ್ನು ನಂಬಲು ಈಶ್ವರಮಂಗಲದಿಂದ ಎರಡು ಬಸ್ಸು ಹತ್ತಿ ಬಂದಿದ್ದರು. ಅದನ್ನು ಕಂಡೇ ತೀರ್ಥರಾಮರಿಗೆ ಸುಳ್ಳು ಹೇಳಲಾಗಲಿಲ್ಲ.

“ವಕೀಲ್ರು ಹೇಳಿದ್ದು ಸರಿ ಕಾಕ,” ಎಂದರು. “ಮರೆತದ್ದಲ್ಲ. ನಾನೇ ಬೇಕೂಂತ ಒಳಗೆ ಇಟ್ಟದ್ದು.”

ಕುಂಞಿ ಮೋನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಯಾಕೆ?”

“ಅವ ಕೇಳಿದ ಕಾಕ. ತಂಗಿಯ ಮದುವೆ ಅಂದ. ಕಣ್ಣಲ್ಲಿ ನೀರು ಹಾಕಿದ. ಇಲ್ಲ ಅನ್ಲಿಕ್ಕೆ ಮನಸ್ಸು ಬರ್ಲಿಲ್ಲ.”



“ನಾನೂ ಕೇಳಿದ್ದೆ ಅಲ್ವಾ ತೀರ್ಥಣ್ಣ?” ಎಂದರು ಕುಂಞಿ ಮೋನು. ಆಮೇಲೆ ಊರುಗೋಲು ತೆಗೆದುಕೊಂಡು ಎದ್ದರು.