ಗೋಡೆಯ ಮೇಲಿನ ನಂಬರು

ಮೊದಲು ಬಂದದ್ದು ಬೆವರು. ಊಟಿಯ ಜನವರಿ ಚಳಿಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಎರಡು ಕಂಬಳಿ ಹೊದ್ದು ಮಲಗಿದ್ದವಳ ಕತ್ತಿನಿಂದ ನೀರಿಳಿಯಿತು. ನ್ಯುಮೋನಿಯಾದ ಜ್ವರ ಬಿಡುತ್ತಿದೆ ಎಂದುಕೊಂಡೆ. ಖುಷಿಯೂ ಆಯಿತು. ಆಮೇಲೆ ಕೈ ನಡುಗಿತು. ಅತ್ತಿಗೆಯ ಮುಖ ಎರಡಾಗಿ ಕಂಡಿತು. ಆಮೇಲೆ ಸಿಟ್ಟು. ಎಂಥ ಸಿಟ್ಟು ಅಂದರೆ, ಗಂಜಿ ಕುಡಿಸಲು ಬಂದ ಅತ್ತಿಗೆಯ ಕೈಯಿಂದ ಲೋಟ ಕಿತ್ತು ಅವರ ಮುಖಕ್ಕೇ ಎರಚಿದೆ.

ನನಗೆ ನೆನಪಿರುವುದು ಅಷ್ಟೇ. ಉಳಿದದ್ದು ಅತ್ತಿಗೆ ಹೇಳಿದ್ದು.

ನಾನು ಮೈಸೂರಿನ ಪತ್ರಿಕೆಯೊಂದಕ್ಕೆ ನೀಲಗಿರಿಯಿಂದ ಬರೆಯುವವಳು. ಆಸ್ಪತ್ರೆಗಳೇ ನನ್ನ ವಿಷಯ. ನರ್ಸುಗಳ ದುಡಿಮೆ, ಡ್ಯೂಟಿ ಬದಲಾಗುವಾಗ ಒಬ್ಬರಿಂದ ಒಬ್ಬರಿಗೆ ದಾಟುವ ಮಾತು, ದಾಟದೆ ಉಳಿದ ಮಾತಿನಿಂದ ರೋಗಿಗೆ ಆಗುವ ಅನಾಹುತ. ವರ್ಷಗಟ್ಟಲೆ ಇದನ್ನೇ ಬರೆದೆ. ತಪ್ಪಾದಾಗ ಒಬ್ಬರ ಕುತ್ತಿಗೆ ಹಿಡಿಯಬೇಡಿ, ತಪ್ಪು ಎಲ್ಲಿಂದ ನುಸುಳಿತು ನೋಡಿ ಎಂದು ಎಷ್ಟು ಸಲ ಬರೆದಿದ್ದೇನೋ. ಮನೆಯಲ್ಲಿ ಕೂತು ಬಿಸಿ ಕಾಫಿ ಹೀರುತ್ತಾ ಬರೆಯುವುದಕ್ಕೇನು.

ಅಂದು ನಾನು ಅತ್ತಿಗೆಯ ಕೂದಲು ಹಿಡಿದು ಎಳೆದೆನಂತೆ. ಓಡಿ ಬಂದ ಸಿಸ್ಟರ್ ಎಲ್ಸಿಯ ಮುಂಗೈ ಕಚ್ಚಿದೆನಂತೆ, ಹಲ್ಲು ಚರ್ಮಕ್ಕೆ ಇಳಿಯುವ ಹಾಗೆ. ಡ್ರಿಪ್ಪಿನ ಸೂಜಿ ಕಿತ್ತೆಸೆದೆ. ರಕ್ತ ಗೋಡೆಗೆ ಚಿಮ್ಮಿತು. ಆಮೇಲೆ ಫಿಟ್ಸ್ ಬಂತು. ಕಬ್ಬಿಣದ ಮಂಚಕ್ಕೆ ತಲೆ ಬಡಿಯಿತು, ನಾಲಿಗೆ ಹಲ್ಲಿನ ನಡುವೆ ಸಿಕ್ಕಿ ಬಾಯಿ ತುಂಬ ರಕ್ತ.

ಬೆವರು, ಫಿಟ್ಸ್ ಎರಡನ್ನೂ ನೋಡಿ ಸಿಸ್ಟರ್ ಎಲ್ಸಿ ನನಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ಅತ್ತಿಗೆಯನ್ನು ಕೇಳಿದರು. ಇಲ್ಲ ಎಂದರು ಅತ್ತಿಗೆ. ಅಷ್ಟರಲ್ಲಿ ಎದುರು ಗೋಡೆಯ ಮಂಚದಿಂದ ಸೋಲೂರಿನ ಮಾದಿ ಅಜ್ಜಿ ತಮ್ಮ ಬಡಗ ಮಾತಿನಲ್ಲಿ ಹೇಳಿದರು.

“ಎನಗ ಇಂದು ಊಸಿ ಹಾಕಿಲ್ಲೆ.”

ಅಜ್ಜಿಗೆ ಹಾಕಬೇಕಿದ್ದ ಇನ್ಸುಲಿನ್ ಸೂಜಿಮದ್ದು ನನ್ನ ಮೈಯೊಳಗಿತ್ತು.

ಸಿಸ್ಟರ್ ಗ್ಲೂಕೋಸ್ ತರಲು ಕೂಗಿದರು. ಇಬ್ಬರು ಆಯಾಗಳು ನನ್ನ ಕಾಲಿನ ಮೇಲೆ ಬಿದ್ದು ಹಿಡಿದರು. ಸೆಲ್ವಿ ಎಂಬ ಟ್ರೈನಿ ನರ್ಸ್ ಅಳುತ್ತಲೇ ನನ್ನ ತೋಳನ್ನು ಒತ್ತಿ ಹಿಡಿದಳು. ಸಿಸ್ಟರ್ ನರ ಹುಡುಕಿ ಸೂಜಿ ಚುಚ್ಚಿದರು. ಆ ಹೊತ್ತಿಗೆ, ಗೂಡಲೂರಿನ ತನ್ನ ಅಂಗಡಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋಗಿದ್ದ ನನ್ನ ಅಣ್ಣ ಬಾಗಿಲಿಗೆ ಬಂದ. ತಂಗಿಯ ಬಾಯಲ್ಲಿ ರಕ್ತ, ಅವಳ ಮೇಲೆ ನಾಲ್ಕು ಜನ.

ಅವನ ಮೊದಲ ಏಟು ಸಿಸ್ಟರ್ ಎಲ್ಸಿಯ ಬಾಯಿಗೆ ಬಿತ್ತು.

ತುಟಿ ಸೀಳಿತು. ಅವರು ಸಿರಿಂಜ್ ಬಿಡಲಿಲ್ಲ. ಎರಡನೆಯದು ಕಿವಿಗೆ. ಆಗಲೂ ಬಿಡಲಿಲ್ಲ. ತಲೆ ಎತ್ತದೆ, ತಮಿಳಿನಲ್ಲಿ, ಇದು ಪೂರ್ತಿ ಒಳಗೆ ಹೋಗಲಿ ಅಣ್ಣಾ, ಆಮೇಲೆ ಹೊಡೀರಿ ಎಂದರಂತೆ. ಅಣ್ಣ ಔಷಧಿ ಟ್ರೇ ಎತ್ತಿ ಕಿಟಕಿಗೆ ಎಸೆದ. ಗಾಜು ಚೂರುಚೂರಾಗಿ ನನ್ನ ಕಂಬಳಿಯ ಮೇಲೆ ಸುರಿಯಿತು.

ನಾನು ಕಣ್ಣು ಬಿಟ್ಟಾಗ ಮುಖದ ಮೇಲೆ ಬೆಚ್ಚಗೆ ಏನೋ ತೊಟ್ಟಿಕ್ಕುತ್ತಿತ್ತು. ನನ್ನದೇ ರಕ್ತ ಎಂದುಕೊಂಡೆ. ಅದು ಸಿಸ್ಟರ್ ಎಲ್ಸಿಯದು.

ಡಾಕ್ಟರ್ ಬಂದು ಮುಚ್ಚಿಡದೆ ಹೇಳಿದರು, ತಪ್ಪು ನಮ್ಮದೇ. ತಪ್ಪು ಆದದ್ದು ತೀರ ಸಣ್ಣ ವಿಷಯದಿಂದ. ನನ್ನ ಮಂಚ ಅಡುಗೆಮನೆಯ ಬಾಯ್ಲರ್ ಪಕ್ಕದ ಬೆಚ್ಚನೆ ಗೋಡೆಗೆ ಇತ್ತು. ಅಜ್ಜಿಯದು ಗಾಜು ಸೀಳಿದ ಕಿಟಕಿಯ ಕೆಳಗೆ. ನಮ್ಮ ಬೆಟ್ಟದಲ್ಲಿ ಹಿರಿಯರನ್ನು ಗಾಳಿಗೆ ಮಲಗಿಸಿ ಕಿರಿಯರು ಬೆಚ್ಚಗಿರುವುದುಂಟೇ? ಹಿಂದಿನ ಸಂಜೆ ಅತ್ತಿಗೆಯೂ ಆಯಾಳೂ ಸೇರಿ ನಮ್ಮಿಬ್ಬರನ್ನು ಅದಲುಬದಲು ಮಾಡಿದ್ದರು. ನಾನು ತಲೆ ಬಗ್ಗಿಸಿದಾಗ ಅಜ್ಜಿ ಕೈಯಿಟ್ಟು ಹರಸಿದ್ದರು. ಆ ವಾರ್ಡಿನಲ್ಲಿ ಚಳಿಗಾಲವಿಡೀ ನಡೆಯುವುದೇ ಹೀಗೆ. ಆದರೆ ಬೆಡ್ ನಂಬರು ಗೋಡೆಗೆ ಪೇಂಟಿನಲ್ಲಿ ಬರೆದದ್ದು, ಅದು ಜಾಗ ಬಿಟ್ಟು ಕದಲುವುದಿಲ್ಲ. ರಾತ್ರಿಯ ಸಿಸ್ಟರಿಗೆ ಗೊತ್ತಿತ್ತು, ಬೆಳಿಗ್ಗೆ ಬಂದವರಿಗೆ ಹೇಳಲು ಮರೆತು ಮನೆಗೆ ಹೋದರು. ಸೆಲ್ವಿ ನಂಬರು ನೋಡಿದಳು. ತಲೆತುಂಬ ಹೊದ್ದು ಮಲಗಿದ್ದ ನನ್ನ ತೋಳನ್ನು ಮಾತ್ರ ಹೊರಗೆಳೆದು ಚುಚ್ಚಿದಳು.

ಇದೆಲ್ಲ ಕೇಳಿದಾಗ ನನ್ನ ಯಾವ ಲೇಖನವೂ ನೆನಪಾಗಲಿಲ್ಲ. ಆ ಹುಡುಗಿಯನ್ನು ಕೊಲ್ಲಬೇಕು ಅನ್ನಿಸಿತು. ಮಾತಿಗೆ ಹೇಳುತ್ತಿಲ್ಲ. ಮತ್ತೆ ಸೂಜಿ ಕೀಳದಂತೆ ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದ್ದ ನನ್ನ ಒಂದು ಕೈ ಅದನ್ನು ಜಗ್ಗುತ್ತಿತ್ತು.

ಅಣ್ಣ ಪೊಲೀಸ್ ದೂರು ಬರೆದು ತಂದ. ಆಸ್ಪತ್ರೆಯವರಿಗೂ ಅದೇ ಅನುಕೂಲ. ನಾನು ಸಹಿ ಹಾಕಿದರೆ ಸೆಲ್ವಿಯನ್ನು ಅಂದೇ ಅರವಂಕಾಡಿನ ಮನೆಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು.

“ಸೈನ್ ಹಾಕು ಗಿರಿಜಾ. ಕೊಂದೇ ಬಿಡ್ತಿದ್ಲು ನಿನ್ನ.”

ಕಟ್ಟಿರದ ಕೈಯಲ್ಲಿ ಪೆನ್ನು ಹಿಡಿದೆ. ಹಾಕುವವಳೇ ಇದ್ದೆ. ಆಗ ಪಕ್ಕದ ಮಂಚದ ಹತ್ತಿರ ಸಿಸ್ಟರ್ ಎಲ್ಸಿ ಕಂಡರು. ತುಟಿಗೆ ಹೊಲಿಗೆ, ನಾನು ಕಚ್ಚಿದ ಕೈಗೆ ಪಟ್ಟಿ. ಮನೆಗೆ ಹೋಗದೆ ಯಾರದೋ ಟೆಂಪರೇಚರ್ ನೋಡುತ್ತಿದ್ದರು. ಮಾತಾಡಿದರೆ ನಾಲಿಗೆ ಸೀಳಿದಂತೆ ನೋವು. ಆದರೂ ಹೇಳಿದೆ.

“ನಿನ್ನ ಏಟನ್ನೂ ಬರಿ ಅದ್ರಲ್ಲಿ. ನಾನು ಕಚ್ಚಿದ್ದನ್ನೂ ಬರಿ. ಅಜ್ಜಿ ಬೆಚ್ಚಗಿರ್ಲಿ ಅಂತ ಮಂಚ ಬದಲಾಯ್ಸಿದ್ದನ್ನೂ ಬರಿ. ಆಮೇಲೆ ಹಾಕ್ತೀನಿ.”

ಅಣ್ಣ ಊದಿದ ತನ್ನ ಮುಷ್ಟಿಯನ್ನು ನೋಡಿಕೊಂಡ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಎದ್ದುಹೋದ. ಮಧ್ಯಾಹ್ನ ಗಾಜಿನವನನ್ನು ಕರೆದುಕೊಂಡು ಬಂದ. ತಾನು ಒಡೆದದ್ದನ್ನೂ, ಮೊದಲೇ ಸೀಳಿದ್ದನ್ನೂ ಹಾಕಿಸಿದ. ಸಿಸ್ಟರ್ ಹತ್ತಿರ ಅವನು ಕ್ಷಮೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಅದಕ್ಕೆ ನನಗೆ ಅವನ ಮೇಲೆ ಕೋಪವಿದೆ.

ಇದನ್ನು ಬರೆಯುವಾಗಲೂ ನಾಲಿಗೆಯ ಅಂಚು ಉರಿಯುತ್ತಿದೆ. ಸಿರಿಂಜ್ ಕಂಡರೆ ಹೊಡೆಯಲು ಕೈ ಏಳುತ್ತದೆ. ಬದುಕಿದ್ದೇನೆ ಎಂಬ ಸಮಾಧಾನದ ಪಕ್ಕದಲ್ಲೇ ಈ ಭಯವೂ ಕೂತಿದೆ.

ಅಂದು ಸಂಜೆ ನನ್ನ ನ್ಯುಮೋನಿಯಾದ ಇಂಜೆಕ್ಷನ್ನನ್ನು ಸೆಲ್ವಿಯೇ ಹಾಕಲಿ ಎಂದೆ. ಡಾಕ್ಟರ್ ಹಿಂದೆಮುಂದೆ ನೋಡಿದರು. ಸಿಸ್ಟರ್ ಎಲ್ಸಿ ಅವಳನ್ನು ಕರೆತಂದು ಪಕ್ಕದಲ್ಲಿ ನಿಂತರು. ಅತ್ತು ಅತ್ತು ಕಣ್ಣು ಊದಿದ ಹುಡುಗಿ. ಗೋಡೆಯ ನಂಬರಿನ ಕಡೆ ನೋಡಲೇ ಇಲ್ಲ.

“ಹೆಸರು ಹೇಳಿ ಅಕ್ಕಾ.”

ಹೇಳಿದೆ. ಊದಿದ ನಾಲಿಗೆಯಲ್ಲಿ ಅದು ಸರಿಯಾಗಿ ಹೊರಡಲಿಲ್ಲ. ಎದುರಿನ ಮಂಚದಿಂದ ಮಾದಿ ಅಜ್ಜಿ, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ನನ್ನ ಹೆಸರು ಹೇಳಿದರು. ಬಾಗಿಲಲ್ಲಿ ನಿಂತಿದ್ದ ಆಯಾಳೂ ಹೇಳಿದಳು.

ನನ್ನ ಮುಷ್ಟಿ ಮೊದಲಿಗೆ ಬಿಚ್ಚಲೇ ಇಲ್ಲ. ಸೆಲ್ವಿ ಅವಸರ ಮಾಡದೆ ಕಾದಳು. ಒಂದೊಂದೇ ಬೆರಳು ಬಿಚ್ಚಿ ಕೈ ಚಾಚಿದೆ. ಅವಳು ಅದನ್ನು ಹಿಡಿದು, ನನ್ನ ಹೆಸರನ್ನು ತಾನೂ ಒಮ್ಮೆ ಹೇಳಿ, ಸೂಜಿ ಚುಚ್ಚಿದಳು.